ಸಹಿ ಇದೆ, ಯಾರದ್ದು ಅಂತ ಗೊತ್ತಿಲ್ಲ

(ಮೈಸೂರಿನಲ್ಲಿ ಹಳೆಯ ಪುಸ್ತಕ, ಅಂಚೆಚೀಟಿ, ನಾಣ್ಯ ಕೂಡಿಡುವವರ ಭಾನುವಾರದ ಕೂಟವೊಂದರಲ್ಲಿ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರು ಆಡಿದ ಮಾತುಗಳು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಮೈಸೂರಿನಲ್ಲಿ ಹಳೆಯ ಪುಸ್ತಕದ ಅಂಗಡಿ ಇಟ್ಟವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಈ ಊರಿನಲ್ಲಿ ಪ್ರತಿ ಮನೆಯ ತಾತನೂ ಕುವೆಂಪು ಅವರ ಶಿಷ್ಯರೇ. ನಗಬೇಡಿ, ನಿಮ್ಮ ತಾತನೂ ಇದ್ದಿರಬಹುದು. ಅವರು ಮಹಾರಾಜಾ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿದವರು, ಅಲ್ಲೇ ಪ್ರಿನ್ಸಿಪಾಲರಾದವರು, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರ್ ಆಗಿದ್ದವರು. ಒಂಟಿಕೊಪ್ಪಲಿನ ಉದಯರವಿಯ ಬಾಗಿಲಿಗೆ ಹೋಗಿ ಬಂದವರಿಗೆ ಲೆಕ್ಕವಿಲ್ಲ. ಹಾಗಾಗಿ ಒಬ್ಬರು ಪುಸ್ತಕ ತಂದು ಮೇಜಿನ ಮೇಲಿಟ್ಟು, "ಇದು ನಮ್ಮ ತಾತನಿಗೆ ಅವರೇ ಸಹಿ ಹಾಕಿ ಕೊಟ್ಟದ್ದು" ಅಂದರೆ, ಇಲ್ಲ ಅನ್ನಲು ನನ್ನ ಹತ್ತಿರ ಕಾರಣವಿರುವುದಿಲ್ಲ. ಹೌದು ಅನ್ನಲೂ ಇರುವುದಿಲ್ಲ.

ಕೂಟದವರು ನನಗೆ ಕೊಟ್ಟ ವಿಷಯ "ನಕಲಿ ಸಹಿ ಪತ್ತೆ ಹಚ್ಚುವುದು ಹೇಗೆ" ಅಂತ. ಅದನ್ನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಕಲಿ ಅಂತ ಪತ್ತೆಯಾದರೆ ಮಾರಬಾರದು. ಅಸಲಿ ಅಂತ ಖಾತ್ರಿಯಾದರೆ ಮಾರಬಹುದು. ಇದರಲ್ಲಿ ಉಪನ್ಯಾಸ ಕೊಡುವಂಥದ್ದು ಏನೂ ಇಲ್ಲ. ತಲೆನೋವು ಇರುವುದು ಪತ್ತೆಯೂ ಆಗದ, ಖಾತ್ರಿಯೂ ಆಗದ ಸಹಿಗಳಲ್ಲಿ. ನನ್ನ ಕೈಗೆ ಬರುವುದರಲ್ಲಿ ಬಹುಪಾಲು ಆ ಜಾತಿಯವೇ. ಅಂಥದ್ದನ್ನು ಮಾರುವಾಗ ಬಾಯಲ್ಲಿ ಏನು ಹೇಳಬೇಕು, ಬಿಲ್ಲಿನಲ್ಲಿ ಏನು ಬರೆಯಬೇಕು, ಎಷ್ಟು ಕೇಳಬೇಕು, ಇವತ್ತು ಇಷ್ಟೇ ಮಾತು. ನಾನೇ ಒಂದು ಸಲ ಕೆಟ್ಟದಾಗಿ ಎಡವಿದ್ದೇನೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಆರು ವರ್ಷದ ಕೆಳಗೆ ಮಂಡ್ಯ ಕಡೆಯ ಒಬ್ಬ ಗುಜರಿ ವ್ಯಾಪಾರಿ ಒಂದು ಮೂಟೆ ಪುಸ್ತಕ ತಂದ. ಯಾರೋ ನಿವೃತ್ತ ಮೇಷ್ಟರ ಮನೆ ಖಾಲಿ ಮಾಡುವಾಗ ತೂಕಕ್ಕೆ ಕೊಂಡದ್ದು. ಅದರಲ್ಲಿ ಕುವೆಂಪು ಅವರದೊಂದು ಹಳೆಯ ಕಾದಂಬರಿ. ಮೂಲ ರಕ್ಷಾಪುಟ ಹೋಗಿ ಕ್ಯಾಲಿಕೊ ಬಟ್ಟೆಯ ಬೈಂಡ್ ಆಗಿತ್ತು. ಬೆನ್ನಿನ ಮೇಲೆ ಒಂದು ನಂಬರಿನ ಚೀಟಿ. ತೆರೆದರೆ ಮೊದಲ ಖಾಲಿ ಹಾಳೆಯ ಬಲಗಡೆ, ಕೆಳಗೆ, ಬ್ಲೂ ಬ್ಲ್ಯಾಕ್ ಶಾಯಿಯಲ್ಲಿ "ಕುವೆಂಪು". ಮುತ್ತಿನಂಥ ಅಕ್ಷರ. ಮೈ ಜುಮ್ಮೆಂದಿತು. ಆ ಜುಮ್ಮೆನ್ನುವುದೇ ನಮ್ಮ ಕಸುಬಿನ ಶತ್ರು ಅಂತ ಆಗ ಗೊತ್ತಿರಲಿಲ್ಲ.

ನಾನೇನೂ ಕಣ್ಣು ಮುಚ್ಚಿ ನಂಬಲಿಲ್ಲ, ನೋಡಿ. ಶಾಯಿ ಫೌಂಟನ್ ಪೆನ್ನಿನದ್ದೇ. ಕಾಗದ ಆ ಕಾಲದ್ದೇ. ಶಾಯಿ ಹಳೆಯದಾಗಿ ಅಂಚಿನಲ್ಲಿ ಕಂದುಗಟ್ಟಿತ್ತು. ಎದುರು ಪುಟದ ಮೇಲೆ ಅಕ್ಷರದ ತೆಳುವಾದ ನೆರಳೂ ಬಿದ್ದಿತ್ತು, ಅಂದರೆ ಪುಸ್ತಕ ಆ ಬರಹದ ಸಮೇತ ದಶಕಗಟ್ಟಲೆ ಮುಚ್ಚಿಕೊಂಡಿತ್ತು. ಮೊಬೈಲಿನಲ್ಲಿ ಸಿಕ್ಕ ಒಂದೆರಡು ಸಹಿಗಳ ಚಿತ್ರಕ್ಕೆ ಹೋಲಿಸಿದೆ. ಹೋಲುತ್ತೆ ಅನ್ನಿಸಿತು. ಅನ್ನಿಸದೇ ಇರುತ್ತದೆಯೇ, ನನಗೆ ಅನ್ನಿಸಬೇಕಾಗಿತ್ತು! ಏಳು ಸಾವಿರಕ್ಕೆ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಮಾರಿದೆ. ಬಿಲ್ಲಿನಲ್ಲಿ ನನ್ನ ಕೈಯಾರೆ ಬರೆದೆ: "ಲೇಖಕರ ಸಹಿ ಇರುವ ಪ್ರತಿ." ಸಹಿ ಇಲ್ಲದಿದ್ದರೆ ಆ ಸವೆದ ಪ್ರತಿಗೆ ಮುನ್ನೂರು ಸಿಕ್ಕರೆ ಹೆಚ್ಚು.

ಎರಡು ತಿಂಗಳಾದ ಮೇಲೆ ಅದೇ ಗುಜರಿಯವನು ಅದೇ ಮೇಷ್ಟರ ಮನೆಯ ಎರಡನೇ ಮೂಟೆ ತಂದ. ಎಲ್ಲಕ್ಕೂ ಅದೇ ಕ್ಯಾಲಿಕೊ, ಅದೇ ನಂಬರಿನ ಚೀಟಿ. ಒಂದು ಪುಸ್ತಕ ತೆರೆದೆ. ಬಲಗಡೆ, ಕೆಳಗೆ, ಬ್ಲೂ ಬ್ಲ್ಯಾಕಿನಲ್ಲಿ "ಮಾಸ್ತಿ". ಇನ್ನೊಂದು ತೆರೆದೆ, "ಶಿವರಾಮ ಕಾರಂತ". ಇನ್ನೊಂದು, "ತ್ರಿವೇಣಿ". ಮತ್ತೊಂದು, "ಬೇಂದ್ರೆ". ಎಲ್ಲ ಅದೇ ಮುತ್ತಿನಂಥ ಅಕ್ಷರ. ಕೊನೆಗೆ ಒಂದು ರಷ್ಯನ್ ಅನುವಾದ ತೆರೆದರೆ ಅಲ್ಲೂ ಇತ್ತು, "ಟಾಲ್‌ಸ್ಟಾಯ್"! ಆ ಮಹಾನುಭಾವ ಮಂಡ್ಯದ ಮೇಷ್ಟರ ಮನೆಗೆ ಬಂದು ಕನ್ನಡದಲ್ಲಿ ಸಹಿ ಹಾಕಿ ಹೋಗಿದ್ದರು. ನಾನು ಮೂಟೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಡೆದದ್ದು ಇಷ್ಟೇ. ಬೈಂಡು ಹಾಕಿಸಿದ ಮೇಲೆ ಬೆನ್ನಿನ ಮೇಲೆ ಅಕ್ಷರ ಒತ್ತಿಸಲು ದುಡ್ಡು ಹೆಚ್ಚಾಗುತ್ತದೆ. ಮೇಷ್ಟರು ಬೆನ್ನಿಗೆ ನಂಬರು ಅಂಟಿಸಿ, ಒಳಗೆ ಲೇಖಕರ ಹೆಸರು ಬರೆದು, ಮನೆಯಲ್ಲೇ ಒಂದು ಲೈಬ್ರರಿ ಮಾಡಿಕೊಂಡಿದ್ದರು. ಅವರು ಯಾರಿಗೂ ಮೋಸ ಮಾಡಲಿಲ್ಲ. ಗುಜರಿಯವನಂತೂ ಒಳಗೆ ಏನಿದೆ ಅಂತ ತೆರೆದೂ ನೋಡಿರಲಿಲ್ಲ. ಬರೀ ಹೆಸರಾಗಿದ್ದದ್ದನ್ನು ಸಹಿ ಮಾಡಿದವನು ನಾನು, ಬಿಲ್ಲಿನ ಮೇಲೆ.

ಆ ಪುಸ್ತಕ ಕೊಂಡವರು ಏನಂದರು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ ಕನ್ನಡದ ಸಹಿಯ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಸಹಿ ಅಂದರೆ ಗೀಚು. ಹೆಸರು ಓದಲಿಕ್ಕೇ ಬರುವುದಿಲ್ಲ, ಹಾಗಾಗಿ ಅದು ಸಹಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮ ಲೇಖಕರಲ್ಲಿ ಎಷ್ಟೋ ಜನ ಕಾವ್ಯನಾಮವನ್ನು ಬಿಡಿಸಿ, ಓದುವ ಹಾಗೆ ಬರೆಯುತ್ತಿದ್ದರು. ಸಹಿಗೂ ಹೆಸರಿಗೂ ಕಣ್ಣಿಗೆ ವ್ಯತ್ಯಾಸ ಕಡಿಮೆ. ನೀಟಾಗಿ ಬರೆಯುವ ಯಾವ ಓದುಗ ಲೇಖಕರ ಹೆಸರು ಬರೆದರೂ ಐವತ್ತು ವರ್ಷದ ನಂತರ ಅದು ಸಹಿಯ ಹಾಗೆ ಕಾಣುತ್ತದೆ. ಇನ್ನೊಂದು, ಒಬ್ಬರೇ ಮನುಷ್ಯ ಪುಸ್ತಕದಲ್ಲಿ ಕಾವ್ಯನಾಮ, ಕಚೇರಿಯ ಕಾಗದದಲ್ಲಿ ಇನಿಷಿಯಲ್ ಸಮೇತ ಪೂರ್ತಿ ಹೆಸರು ಹಾಕುತ್ತಾರೆ. ಒಂದರ ಜೊತೆ ಇನ್ನೊಂದನ್ನು ಹೋಲಿಸಿದರೆ ಏನೂ ಸಿಗುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಅಕ್ಷರದ ಆಕಾರವನ್ನಲ್ಲ, ಗೆರೆಯ ವೇಗವನ್ನು. ತನ್ನ ಹೆಸರನ್ನು ಸಾವಿರ ಸಲ ಬರೆದವನು ತಲೆಕಟ್ಟು ಹಾರಿಸಿಬಿಡುತ್ತಾನೆ. ಕೊಂಬನ್ನು ಮುಂದಿನ ಅಕ್ಷರಕ್ಕೆ ಎಳೆದುಬಿಡುತ್ತಾನೆ. ಸೊನ್ನೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಒಂದು ಚುಕ್ಕೆಯಾಗಿಬಿಡುತ್ತದೆ. ಗೆರೆ ಶುರುವಾಗುವಾಗಲೂ ಮುಗಿಯುವಾಗಲೂ ತುದಿ ಸಣ್ಣಗಾಗಿರುತ್ತದೆ, ಯಾಕೆಂದರೆ ಪೆನ್ನು ಕಾಗದ ಮುಟ್ಟುವ ಮೊದಲೇ ಚಲಿಸುತ್ತಿರುತ್ತದೆ. ನೋಡಿ ನೋಡಿ ಬರೆಯುವವನ ಗೆರೆ ಹಾಗಿರುವುದಿಲ್ಲ. ತುದಿ ಮೊಂಡು, ನಡುವೆ ಸಣ್ಣ ನಡುಕ, ಎತ್ತಬಾರದ ಕಡೆ ಪೆನ್ನು ಎತ್ತಿದ ಗುರುತು. ಅಶೋಕ ರಸ್ತೆಯ ಚಿನ್ನದಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ, ಅದೊಂದು ಸಾಕು. ನಮ್ಮ ಮೇಷ್ಟರ "ಕುವೆಂಪು"ವಿನಲ್ಲಿ ಪ್ರತಿ ತಲೆಕಟ್ಟೂ ಇತ್ತು, ಸೊನ್ನೆ ದುಂಡಗೆ ಮುಚ್ಚಿತ್ತು. ನಡುಕವಿರಲಿಲ್ಲ, ಯಾಕೆಂದರೆ ಅದು ನಕಲೂ ಅಲ್ಲ. ಕಾಪಿ ಬರೆಸುವ ಮೇಷ್ಟರ ನಿಧಾನದ ಅಕ್ಷರ. ನೋಡಿದ್ದರೆ ಕಾಣುತ್ತಿತ್ತು.

ಮೊಬೈಲಿನ ಚಿತ್ರಕ್ಕೆ ಹೋಲಿಸಿದೆ ಅಂದೆನಲ್ಲ, ಅದು ನನ್ನ ಇನ್ನೊಂದು ದಡ್ಡತನ. ಆ ಚಿತ್ರ ಎಲ್ಲಿಯದು? ಇನ್ನೊಬ್ಬ ನನ್ನಂಥವನೇ ಮಾರಲು ಹಾಕಿದ್ದು. ಅವನ ನಕಲಿಗೆ ನನ್ನದು ಹೋಲಿದರೆ ಎರಡೂ ಅಸಲಿ ಆಗಿಬಿಡುತ್ತವೆಯೇ? ಹೋಲಿಸುವ ಮಾದರಿ ಅನುಮಾನವಿಲ್ಲದ ಕಡೆಯಿಂದ ಬರಬೇಕು. ಅಂಚೆ ಮುದ್ರೆ ಸಮೇತ ಉಳಿದ ಕಾಗದ, ಸಂಸ್ಥೆಯ ಕಡತ, ಲೈಬ್ರರಿಯ ದಾಖಲೆ, ಅಂಥದ್ದು.

ಅಕ್ಷರಕ್ಕಿಂತ ಸುಲಭವಾಗಿ ಬಾಯಿ ಬಿಡುವುದು ತಾರೀಖು. ಒಬ್ಬ ಹುಡುಗ ಕುವೆಂಪು ಸಹಿಯ ಪುಸ್ತಕ ತಂದ. ಹಾಳೆ ತಿರುಗಿಸಿ ಮುದ್ರಣದ ವರ್ಷ ನೋಡಿದರೆ 1999. ಅವರು ತೀರಿಕೊಂಡದ್ದು 1994ರ ನವೆಂಬರ್ 11. ಮಸೂರ ತೆಗೆಯುವ ಕಷ್ಟವೂ ಬೇಕಾಗಲಿಲ್ಲ. ಅಂಚೆಚೀಟಿಯವರಿಗೆ ಇದು ಚೆನ್ನಾಗಿ ಗೊತ್ತು. ಬದುಕಿರುವವರ ಹೆಸರಲ್ಲಿ ಚೀಟಿ ಬರುವುದು ಅಪರೂಪ, ಸಾಮಾನ್ಯವಾಗಿ ಮನುಷ್ಯ ಹೋದ ಮೇಲೆಯೇ. ಹಾಗಾಗಿ ಯಾರದ್ದಾದರೂ ಮೊದಲ ದಿನದ ಲಕೋಟೆಯ ಮೇಲೆ, ಅಂದರೆ ಚೀಟಿ ಬಿಡುಗಡೆಯಾದ ದಿನವೇ ಅದನ್ನು ಅಂಟಿಸಿ ಮುದ್ರೆ ಒತ್ತಿದ ಲಕೋಟೆಯ ಮೇಲೆ, ಅವರದೇ ಸಹಿ ಇದೆ ಅಂದರೆ ಮೊದಲು ನಗಬೇಕು, ಆಮೇಲೆ ನೋಡಬೇಕು. ಆದರೆ ವಿಶ್ವೇಶ್ವರಯ್ಯನವರ ವಿಷಯದಲ್ಲಿ ನಕ್ಕರೆ ನಾವೇ ಬೀಳುತ್ತೇವೆ. ಅವರ ಶತಮಾನೋತ್ಸವಕ್ಕೆ 1960ರ ಸೆಪ್ಟೆಂಬರ್ 15ರಂದು ಚೀಟಿ ಬಂದಾಗ ಅವರಿನ್ನೂ ಇದ್ದರು. ಹೋದದ್ದು 1962ರ ಏಪ್ರಿಲಿನಲ್ಲಿ. ಅಂದರೆ ಸುಮಾರು ಒಂದೂವರೆ ವರ್ಷದ ಕಿಟಕಿ ಇದೆ. ಆ ಲಕೋಟೆಯ ಮೇಲೆ ಅವರ ಸಹಿ ಇರುವುದು ಸಾಧ್ಯ. ಇದೆ ಅಂತಲ್ಲ, ಸಾಧ್ಯ ಅಂತ.

ಅವರ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ. ಮಂಡ್ಯ ಕಡೆ ದೇವರ ಪಟದ ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಫೋಟೊ ಹಾಕಿರುವ ಮನೆಗಳಿವೆ. ಅಂಥ ಒಂದು ಮನೆಯಿಂದ ಬಂದ ಫೋಟೊ. ಕೆಳಗೆ ಇಂಗ್ಲಿಷಿನಲ್ಲಿ ಸಹಿ, ಪಕ್ಕದಲ್ಲಿ 1932 ಅಂತ ಇಸವಿ. ಓರೆಯಾಗಿ ಟಾರ್ಚ್ ಹಿಡಿದೆ. ಗೆರೆಯ ಉದ್ದಕ್ಕೂ ಕಾಗದ ತಗ್ಗಿತ್ತು, ತಗ್ಗಿನೊಳಗೆ ಶಾಯಿ ಅಲ್ಲಲ್ಲಿ ಗಂಟು ಕಟ್ಟಿತ್ತು. ಅದು ಬಾಲ್‌ಪೆನ್ನಿನ ಗೆರೆ. ಹಂಗೇರಿಯ ಬಿರೊ ಬಾಲ್‌ಪೆನ್ನಿಗೆ ಪೇಟೆಂಟ್ ಪಡೆದದ್ದೇ 1938ರಲ್ಲಿ. ಜನರ ಕೈಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ ಮತ್ತು ಆಮೇಲೆ. ಫೋಟೊ ತಂದವರು ಒಳ್ಳೆಯ ಜನ, ಅವರಿಗೆ ಅದನ್ನು ಹೇಳುವುದು ಕಷ್ಟವಾಯಿತು. "ನಮ್ಮಪ್ಪ ಸುಳ್ಳು ಹೇಳ್ತಿದ್ರಾ?" ಅಂತ ಕೇಳಿದರು. ಇಲ್ಲ, ನಿಮ್ಮಪ್ಪ ನಂಬಿದ್ದರು, ಅಷ್ಟೇ ಅಂದೆ. ಫೋಟೊ ವಾಪಸ್ ತೆಗೆದುಕೊಂಡು ಹೋದರು. ಗೋಡೆಯ ಮೇಲೆ ಅದೇ ಜಾಗದಲ್ಲಿ ಇರಬೇಕು, ಇರಲಿ.

ಕಾಗದಕ್ಕೆ ಇನ್ನೊಂದು ಪರೀಕ್ಷೆ, ನೋಟು ನೋಡುವ ನೇರಳೆ ದೀಪ. ಕಾಗದದ ಬಿಳುಪು ಹೆಚ್ಚಿಸುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಆಸುಪಾಸಿನಿಂದ. ಅದು ಆ ದೀಪದಲ್ಲಿ ನೀಲಿಯಾಗಿ ಹೊಳೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದದ್ದು 1940ರಲ್ಲಿ. ಅವರ ಕಾಲದ್ದು ಅನ್ನುವ ಕಾಗದ ನೀಲಿಯಾಗಿ ಹೊಳೆದರೆ ಸುಮ್ಮನೆ ಮಡಚಿ ಕೊಟ್ಟುಬಿಡಿ. ಇನ್ನು ನಿಜವಾದ ಹಳೆಯ ಹಾಳೆಯ ಮೇಲೆ ಇವತ್ತು ಶಾಯಿ ಪೆನ್ನಿನಲ್ಲಿ ಬರೆದರೆ ಸಾಮಾನ್ಯವಾಗಿ ಶಾಯಿ ಕೂದಲಿನ ಹಾಗೆ ಹರಡುತ್ತದೆ, ಯಾಕೆಂದರೆ ಕಾಗದಕ್ಕೆ ಹಾಕಿದ್ದ ಗಂಜಿಯ ಬಲ ಕಾಲಕಳೆದಂತೆ ಹೋಗಿರುತ್ತದೆ. ಶಾಯಿ ಅಂದಾಗ ನೆನಪಾಯಿತು. ದೇಶದ ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ನಮ್ಮೂರಿನದ್ದೇ, ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ ಮೈಸೂರು ಪೇಂಟ್ಸ್ ಕಾರ್ಖಾನೆಯದ್ದು, 1962ರ ಚುನಾವಣೆಯಿಂದ ಹೋಗುತ್ತಿದೆ. ಬೆಳ್ಳಿಯ ನೈಟ್ರೇಟು ಚರ್ಮಕ್ಕೆ ಕಚ್ಚಿಕೊಂಡರೆ ಉಜ್ಜಿದರೂ ಬಿಡುವುದಿಲ್ಲ. ಲೇಖಕರೆಲ್ಲ ಅದರಲ್ಲೇ ಸಹಿ ಹಾಕಿದ್ದರೆ, ಸಹಿ ಹಾಕಿದವರ ಬೆರಳನ್ನಾದರೂ ನೋಡಬಹುದಿತ್ತು!

ಇಷ್ಟೆಲ್ಲ ನೋಡಿದರೂ ಒಂದು ಮಾತು ನೆನಪಿರಲಿ. ಈ ಪರೀಕ್ಷೆಗಳೆಲ್ಲ "ಅಲ್ಲ" ಅನ್ನುವುದನ್ನು ಹೇಳುತ್ತವೆ, "ಹೌದು" ಅನ್ನುವುದನ್ನು ಹೇಳುವುದಿಲ್ಲ. ಮೇಷ್ಟರ ಪುಸ್ತಕ ಶಾಯಿ, ಕಾಗದ, ಕಾಲ ಎಲ್ಲದರಲ್ಲೂ ಪಾಸಾಗಿತ್ತು.

ಈಗ ಕೆಲವರು ಸರ್ಟಿಫಿಕೇಟ್ ಅನ್ನುತ್ತಾರೆ. ಮಂಡ್ಯದ ಒಬ್ಬ ಹುಡುಗ ಕ್ರಿಕೆಟ್ ಬ್ಯಾಟು ತಂದಿದ್ದ, ಗೇಣುದ್ದದ್ದು, ಮೈ ತುಂಬ ಸಹಿ. "ಸಾ, ಒರಿಜಿನಲ್ಲೇ ಕಣ್ ಸಾ. ಸರ್ಟಿಫಿಕೇಟ್ ಐತೆ, ಮಿಂಚೋ ಸ್ಟಿಕ್ಕರ್ರೂ ಐತೆ ನೋಡಿ." ಕೊಟ್ಟವರು ಯಾರಪ್ಪ ಅಂದೆ. "ಮಾರಿದೋರೇ ಕೊಟ್ರು." ಮಸೂರದಲ್ಲಿ ನೋಡಿದರೆ ಗೆರೆಯೆಲ್ಲ ಒಂದೇ ದಪ್ಪ, ಒಂದರ ಮೇಲೆ ಒಂದು ಹಾದಲ್ಲೂ ಶಾಯಿ ಕೂಡಿಕೊಂಡಿಲ್ಲ. ಅಚ್ಚು. ಅದು ಮೋಸ ಅಂತ ಪೂರ್ತಿ ಹೇಳುವ ಹಾಗೂ ಇಲ್ಲ, ಅಂಥ ಬ್ಯಾಟುಗಳು ನೆನಪಿನ ಕಾಣಿಕೆ ಅಂತಲೇ ತಯಾರಾಗುತ್ತವೆ. ಕೈ ಬದಲಾಗುತ್ತ ಬದಲಾಗುತ್ತ ಅಚ್ಚು ಹೋಗಿ ಸಹಿ ಆಗುತ್ತದೆ. ನೋಟಿನ ಮೇಲಿನ ಸಹಿಯೂ ಅಷ್ಟೇ. ಮನಮೋಹನ್ ಸಿಂಗ್ ಅವರು 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್, ಆಗಿನ ನೋಟಿನ ಮೇಲೆ ಅವರ ಸಹಿ ಇದೆ. ಆ ಸಹಿ ಅವರದ್ದೇ, ಸಂಶಯವಿಲ್ಲ. ಆದರೆ ಆ ನೋಟನ್ನು ಅವರು ಮುಟ್ಟಿಲ್ಲ.

ಸರ್ಟಿಫಿಕೇಟಿನ ಹಣೆಬರಹ ಅಮೆರಿಕದವರನ್ನು ಕೇಳಬೇಕು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಎಫ್‌ಬಿಐ ನಕಲಿ ಸಹಿಯ ದೊಡ್ಡ ಜಾಲವನ್ನೇ ಹಿಡಿಯಿತು. ಸಿಕ್ಕಿದ್ದರಲ್ಲಿ ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಕೂಡ ಇತ್ತು. ಕೋಲ್ಕತ್ತದ ಆ ತಾಯಿ ಬೇಸ್‌ಬಾಲ್ ಹಿಡಿದು ಕೂತದ್ದನ್ನು ಊಹಿಸಿಕೊಳ್ಳಿ. ಜನ ಕೊಳ್ಳುತ್ತಿದ್ದರು, ಜೊತೆಗೆ ಪ್ರಮಾಣಪತ್ರವೂ ಬರುತ್ತಿತ್ತು. ಇನ್ನೂ ಹತ್ತಿರದ್ದು 2022ರಲ್ಲಿ ನಡೆದದ್ದು. ಹಾಡುಗಾರ ಬಾಬ್ ಡಿಲನ್ ಅವರ ಪುಸ್ತಕ, 900 ಪ್ರತಿ, ತಲಾ 599 ಡಾಲರ್, "ಕೈಯಾರೆ ಸಹಿ ಹಾಕಿದ್ದು" ಅಂತ ಪ್ರಕಾಶಕರ ಪತ್ರ ಬೇರೆ. ಕೊಂಡವರು ತಮ್ಮ ತಮ್ಮ ಪ್ರತಿಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದಕ್ಕೊಂದು ಕೂಡುತ್ತಿತ್ತು. ಮನುಷ್ಯನ ಕೈ ಎರಡು ಸಲ ಒಂದೇ ಥರ ಬರೆಯುವುದಿಲ್ಲ. ಪೆನ್ನು ಹಿಡಿದು ಸಹಿ ಹಾಕುವ ಯಂತ್ರ ಅದನ್ನು ಬರೆದಿತ್ತು. ದುಡ್ಡು ವಾಪಸ್ ಕೊಟ್ಟರು, ಡಿಲನ್ ಕ್ಷಮೆ ಕೇಳಿದರು. ಲೇಖಕರೇ ಬದುಕಿದ್ದು, ಪ್ರಕಾಶಕರೇ ಮಾರಿ, ಅವರೇ ಪತ್ರ ಕೊಟ್ಟಾಗಲೂ ಹೀಗೆ. ಚಂದ್ರನ ಮೇಲೆ ನಡೆದ ಆರ್ಮ್‌ಸ್ಟ್ರಾಂಗ್ ಬೇಸತ್ತು 1994ರ ಸುಮಾರಿಗೆ ಸಹಿ ಹಾಕುವುದನ್ನೇ ನಿಲ್ಲಿಸಿಬಿಟ್ಟರು. ನನಗೆ ಇಷ್ಟವಾಗುವುದು ಗಾಂಧೀಜಿಯ ಲೆಕ್ಕ. ಸಹಿಗೆ ಐದು ರೂಪಾಯಿ, ಹರಿಜನ ನಿಧಿಗೆ. ಸಹಿಗೆ ಬೆಲೆ ಕಟ್ಟಿದವರು ಸಹಿ ಹಾಕಿದವರೇ, ನಡುವೆ ನಮ್ಮಂಥವರು ಇರಲಿಲ್ಲ.

ಸರಿ, ಮಾರುವ ವಿಷಯಕ್ಕೆ ಬರುತ್ತೇನೆ. ಮೇಷ್ಟರ ಪ್ರಕರಣ ಆದ ಮೇಲೆ ಒಬ್ಬ ವಕೀಲ ಮಿತ್ರರ ಹತ್ತಿರ ಹೋದೆ. ಅವರು 1872ರ ಕರಾರು ಕಾಯಿದೆಯ 18ನೇ ಕಲಂ ತೆಗೆದು ತೋರಿಸಿದರು. ತನ್ನ ಹತ್ತಿರ ಇರುವ ಮಾಹಿತಿ ಸಾಲದಿದ್ದರೂ ಒಂದು ವಿಷಯವನ್ನು ಖಡಾಖಂಡಿತವಾಗಿ ಹೇಳಿದರೆ, ಅದು ಸುಳ್ಳಾಗಿದ್ದರೆ, ಹೇಳಿದವನು ಮನಸಾರೆ ನಂಬಿದ್ದರೂ ಅದು ತಪ್ಪು ನಿರೂಪಣೆಯೇ. ಕೊಂಡವರು ಆ ವ್ಯಾಪಾರವನ್ನು ರದ್ದು ಮಾಡಬಹುದು. ಓದಿದರೆ ನನ್ನ ಬಿಲ್ಲನ್ನು ನೋಡಿಕೊಂಡೇ ಬರೆದ ಹಾಗಿತ್ತು. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಂ ಇನ್ನೂ ಚಿಕ್ಕದು. ವಿವರಣೆ ಕೊಟ್ಟು ಮಾರಿದರೆ ಸರಕು ಆ ವಿವರಣೆಗೆ ಹೊಂದಬೇಕು. "ಲೇಖಕರ ಸಹಿ ಇರುವ ಪ್ರತಿ" ಅನ್ನುವುದು ವಿವರಣೆ.

ಹಾಗಾದರೆ ಏನೂ ಹೇಳದೆ ಮಾರಿದರೆ? ನಮ್ಮಲ್ಲಿ ಎಷ್ಟೋ ಜನ ಮಾಡುವುದು ಅದನ್ನೇ. ಸಹಿಯ ಪುಟದ ಫೋಟೊ ದೊಡ್ಡದಾಗಿ ತೆಗೆದು ವಾಟ್ಸಾಪಿನಲ್ಲಿ ಹಾಕುವುದು, ಕೆಳಗೆ ಬರೀ ಬೆಲೆ. ಕೇಳಿದರೆ "ನಾನೆಲ್ಲಿ ಅವರ ಸಹಿ ಅಂದೆ? ಅಲ್ಲಿ ಕಾಣೋದನ್ನ ತೋರಿಸಿದೆ." ಮಿತ್ರರು ಇದಕ್ಕೂ ಕರಾರು ಕಾಯಿದೆಯ 17ನೇ ಕಲಮಿನ ವಿವರಣೆ ತೋರಿಸಿದರು. ಬರೀ ಸುಮ್ಮನಿದ್ದದ್ದು ವಂಚನೆಯಲ್ಲ, ನಿಜ. ಆದರೆ ಅದೇ ವಾಕ್ಯಕ್ಕೆ ಬಾಲವಿದೆ. ಮಾತಾಡಬೇಕಾದ ಕರ್ತವ್ಯ ಇದ್ದಾಗ, ಇಲ್ಲವೇ ಮೌನವೇ ಮಾತಿಗೆ ಸಮನಾದಾಗ ಆ ರಿಯಾಯಿತಿ ಇಲ್ಲ. ಮುನ್ನೂರು ರೂಪಾಯಿಯ ಪುಸ್ತಕಕ್ಕೆ ಏಳು ಸಾವಿರ ಕೇಳಿ ಸುಮ್ಮನೆ ನಿಂತರೆ ಅದು ಮೌನವಲ್ಲ ಸ್ವಾಮಿ. ಮಿಕ್ಕ ಆರು ಸಾವಿರದ ಏಳುನೂರು ರೂಪಾಯಿ ಅಲ್ಲಿ ಕೂತು ಮಾತಾಡುತ್ತಿರುತ್ತದೆ. "ಇದ್ದ ಹಾಗೆ ಮಾರಿದ್ದು, ವಾಪಸ್ ಇಲ್ಲ" ಅಂತ ರಬ್ಬರ್ ಸ್ಟ್ಯಾಂಪ್ ಒತ್ತುವವರೂ ಇದ್ದಾರೆ. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಆ ಸ್ಟ್ಯಾಂಪು ಕಾಪಾಡುವುದಿಲ್ಲ.

ಇನ್ನೊಂದು ಕಾಯಿದೆ ಇದೆ, ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೆ ಬೇರೆ ಭಾನುವಾರವೇ ಬೇಕು. ಚರಿತ್ರೆಯ ಅಥವಾ ಸಾಹಿತ್ಯದ ಮಹತ್ವವಿರುವ ಕೈಬರಹ, ಕಡತ, ಪತ್ರ 75 ವರ್ಷ ದಾಟಿದರೆ 1972ರ ಪುರಾವಸ್ತು ಕಾಯಿದೆಯ ಕೆಳಗೆ ಬರುತ್ತದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ದಿವಾನರ ಕಾಲದ ಪತ್ರ ಸಿಕ್ಕಿದರೆ ಸಹಿ ಅಸಲಿಯೇ ಅನ್ನುವ ಮೊದಲು ಮಾರಬಹುದೇ ಅಂತ ಕೇಳಿ. ಅಸಲಿಯಾದರೇ ಹೆಚ್ಚು ತೊಂದರೆ!

ಬೆಲೆಯ ವಿಷಯಕ್ಕೆ ಬಂದರೆ, ನಮ್ಮ ವ್ಯಾಪಾರಿಗಳ ಒಂದು ರೂಢಿ ನನಗೆ ಒಪ್ಪಿಗೆಯಿಲ್ಲ. ಸಂಶಯ ಇದ್ದರೆ ಅರ್ಧ ಬೆಲೆ ಅನ್ನುತ್ತಾರೆ. ಅರ್ಧ ಅಂದರೆ ಏನು? ಅರ್ಧ ಸಹಿ ಇರುತ್ತದೆಯೇ? ಒಂದೋ ಅವರು ಬರೆದದ್ದು, ಇಲ್ಲವೇ ಅಲ್ಲ. ಅರ್ಧ ಬೆಲೆ ಕೇಳಿದಾಗ ಕೊಳ್ಳುವವನಿಗೆ ಕೇಳಿಸುವುದು "ಅಗ್ಗಕ್ಕೆ ಹೊಡೆದೆ" ಅಂತ, "ಅಂಗಡಿಯವನಿಗೆ ಅನುಮಾನ ಇದೆ" ಅಂತಲ್ಲ. ಈಗ ನಾನು ಮಾಡುವುದು ಇಷ್ಟು. ಸಹಿಯನ್ನು ಬೆರಳಿನಿಂದ ಮುಚ್ಚಿಕೊಂಡು ಪುಸ್ತಕಕ್ಕೆ ಬೆಲೆ ಹಾಕುತ್ತೇನೆ. ಬಿಲ್ಲಿನಲ್ಲಿ ಬರೆಯುತ್ತೇನೆ: "ಮೊದಲ ಹಾಳೆಯಲ್ಲಿ ಲೇಖಕರ ಹೆಸರಿದೆ. ಬರೆದವರು ಯಾರೆಂದು ಗೊತ್ತಿಲ್ಲ. ಬೆಲೆ ಪುಸ್ತಕಕ್ಕೆ ಮಾತ್ರ." ಅಂಗಡಿಗೆ ಯಾರಿಂದ, ಯಾವ ಊರಿನಿಂದ ಬಂತು ಅನ್ನುವುದು ನನ್ನ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಮಾರಿದವರು ಹೇಳಿದ ಕಥೆಯನ್ನೂ ಬರೆದಿಡುತ್ತೇನೆ, ಆದರೆ "ಅವರು ಹೇಳಿದ್ದು" ಅಂತಲೇ. ತಾತನ ಕಥೆ ತಾತನದ್ದಾಗಿಯೇ ಇರಲಿ.

ಇದರಿಂದ ನಷ್ಟ ಆಗುವುದಿಲ್ಲವೇ ಅಂತ ಕೇಳಿದಿರಿ. ಆಗುತ್ತದೆ. ಎರಡು ವರ್ಷದ ಕೆಳಗೆ ಒಂದು ಇಂಗ್ಲಿಷ್ ಕಾದಂಬರಿ, ನಮ್ಮ ಯಾದವಗಿರಿಯಲ್ಲಿ ಮನೆ ಕಟ್ಟಿದ್ದ ಆರ್.ಕೆ. ನಾರಾಯಣ್ ಅವರದ್ದು, ಒಳಗೆ ಒಂದು ಗೀಚು. ಇನ್ನೂರಕ್ಕೆ ಕೊಟ್ಟೆ, ಬಿಲ್ಲಿನಲ್ಲಿ ಮೇಲಿನ ಮಾತೇ. ಕೊಂಡವರು ಒಂದು ವಾರ ಬಿಟ್ಟು ಬಂದರು. ಅವರ ತಂದೆಗೆ ನಾರಾಯಣ್ ಅವರಿಂದ ಬಂದ ಕಾಗದಗಳು ಮನೆಯಲ್ಲಿದ್ದವು, ಲಕೋಟೆ, ಅಂಚೆ ಮುದ್ರೆ ಸಮೇತ. ಪಕ್ಕದಲ್ಲಿಟ್ಟು ನೋಡಿದೆವು. ಅದೇ ಓಟ, ಅದೇ ಅವಸರ, ಆದರೆ ಯಾವ ಎರಡೂ ಒಂದೇ ಅಳತೆ ಇಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಯೋಚಿಸಿ, ಆ ಬೆಲೆ ಹುಟ್ಟಿದ್ದು ಅವರ ಮನೆಯ ಕಾಗದದಿಂದ. ನನ್ನ ಹತ್ತಿರ ಇದ್ದದ್ದು ಗೀಚು ಮಾತ್ರ. ಸಾಕ್ಷ್ಯದ ಕಾಯಿದೆಯಲ್ಲೂ ಕೈಬರಹ ತಜ್ಞರ ಜೊತೆಗೆ, ಆ ಮನುಷ್ಯನಿಂದ ಪತ್ರ ಪಡೆದು ಅವನ ಅಕ್ಷರದ ಪರಿಚಯ ಇರುವವರ ಮಾತಿಗೂ ಬೆಲೆ ಇದೆ. ಮೈಸೂರಿನಲ್ಲಿ ಅಂಥವರು ಇನ್ನೂ ಇದ್ದಾರೆ. ಸ್ಟಿಕ್ಕರ್ ಹುಡುಕುವ ಮೊದಲು ಅವರ ಮನೆ ಹುಡುಕಿ.

ಈಗ ಆ ಬ್ಯಾಂಕ್ ಅಧಿಕಾರಿಗಳ ಕಥೆ. ಎರಡನೇ ಮೂಟೆ ಬಂದ ದಿನ ಸಂಜೆಯೇ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿ, "ಪುಸ್ತಕ ತಂದುಕೊಡಿ ಸಾರ್, ನಿಮ್ಮ ಏಳು ಸಾವಿರ ವಾಪಸ್ ಕೊಡುತ್ತೇನೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಶೋಕೇಸಿನಲ್ಲಿ ಇಟ್ಟಿದ್ದೀನಿ. ಬೀಗರು ಬಂದಾಗ ತೋರಿಸಿದ್ದೀನಿ. ಈಗ ತೆಗೆದರೆ ಏನಂತ ಹೇಳಲಿ? ನೀವು ಇದನ್ನ ಹೇಳಬಾರದಿತ್ತು ಕಣ್ರೀ" ಅಂದರು. ದುಡ್ಡು ಬೇಡ, ಪುಸ್ತಕ ಕೊಡುವುದಿಲ್ಲ. ನಾನು ಬಿಡಲಿಲ್ಲ, ಮನೆಗೇ ಹೋದೆ. ಕಾಫಿ ಕೊಟ್ಟರು. ಬಹಳ ಬಲವಂತ ಮಾಡಿದ ಮೇಲೆ ದುಡ್ಡು ತೆಗೆದುಕೊಂಡರು, ಪುಸ್ತಕವನ್ನು ಓದುವುದಕ್ಕೆ ಅಂತ ಮುನ್ನೂರಕ್ಕೆ ಅವರೇ ಇಟ್ಟುಕೊಂಡರು. ಶೋಕೇಸಿನಿಂದ ತೆಗೆಯಲಿಲ್ಲ. ಅದು ಅವರ ಮನೆ, ಅವರಿಷ್ಟ.

ನಾನು ಕೇಳಿದ್ದು ಒಂದೇ, ಬಿಲ್ಲು ವಾಪಸ್ ಕೊಡಿ. ಪುಸ್ತಕದಲ್ಲಿರುವ ಹೆಸರು ಸುಳ್ಳಲ್ಲ, ಅದನ್ನು ಮೇಷ್ಟರು ಸತ್ಯವಾಗಿಯೇ ಬರೆದದ್ದು. ಸುಳ್ಳು ಇರುವುದು ನನ್ನ ಬಿಲ್ಲಿನಲ್ಲಿ. ನಾಳೆ ಅವರ ಮಕ್ಕಳು ಆ ಪುಸ್ತಕ ಮಾರಿದರೆ ಜೊತೆಗೆ ನನ್ನ ಅಂಗಡಿಯ ಬಿಲ್ಲೂ ಹೋಗುತ್ತದೆ. ಕೊಂಡವನು ಅದನ್ನೇ ಸರ್ಟಿಫಿಕೇಟ್ ಅಂತ ಫ್ರೇಮ್ ಹಾಕಿಸುತ್ತಾನೆ. ಅವರು ಬೀರು ನೋಡಿದರು, ಪುಸ್ತಕದ ಹಾಳೆಗಳ ನಡುವೆ ನೋಡಿದರು. "ಎಲ್ಲೋ ಇದೆ, ಸಿಕ್ಕಿದ ಮೇಲೆ ಕೊಡ್ತೀನಿ" ಅಂದರು. ಆಮೇಲೆ ಎರಡು ಮೂರು ಸಲ ಜ್ಞಾಪಿಸಿದೆ. ಮಗನ ಊರಿಗೆ ಹೋದರು ಅಂತ ಕೇಳಿದೆ.

ಬಿಲ್ಲು ಇನ್ನೂ ಸಿಕ್ಕಿಲ್ಲ. ಇವತ್ತು ಇಲ್ಲಿ ಇಷ್ಟು ಜನ ಸಂಗ್ರಾಹಕರು ಸೇರಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಕಂದು ಕ್ಯಾಲಿಕೊ ಬೈಂಡು, ಬೆನ್ನಿನ ಮೇಲೆ 114 ಅಂತ ಚೀಟಿ, ಒಳಗೆ ತಲೆಕಟ್ಟೆಲ್ಲ ನೀಟಾಗಿರುವ "ಕುವೆಂಪು", ಜೊತೆಗೆ ನನ್ನ ಕೈಬರಹದ ಬಿಲ್ಲು. ಯಾರಾದರೂ ತೋರಿಸಿದರೆ ಬಿಲ್ಲನ್ನು ನಂಬಬೇಡಿ. ಅದರ ಮೇಲಿನ ಸಹಿ ಮಾತ್ರ ಅಸಲಿ, ನನ್ನದೇ. ನನಗೊಂದು ಫೋನ್ ಮಾಡಿ.